ಗೆಳೆಯನಿಗೊಂದು ಪತ್ರ: ಟ್ರಿನಿಡಾಡ್‌ನಿಂದ ನಿಮ್ಮ ಮನೆಗೆ ಬರುವವರ ಕುರಿತು

ಸೇಂಟ್ ಆಗಸ್ಟೀನ್, ಟ್ರಿನಿಡಾಡ್

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನನ್ನ ಮನೆಯೊಡತಿ ಜನವರಿಯಲ್ಲಿ ಭಾರತಕ್ಕೆ ಬಂದಾಗ ಮೈಸೂರಿನ ನಿಮ್ಮ ಮನೆಯಲ್ಲಿಯೇ ಒಂದು ವಾರ ಉಳಿಯಲಿ ಎಂದು ನೀನೂ ನಿನ್ನ ಮನೆಯವರೂ ಒಪ್ಪಿದ್ದೀರಿ. ಅದನ್ನು ಅವರಿಗೆ ಆಗಲೇ ತಿಳಿಸಿದ್ದೇನೆ, ಬಹಳ ಸಂತೋಷಪಟ್ಟರು. ಪತ್ರದ ಕೊನೆಯಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೀಯ: "ತಾಯಿಯ ಕಡೆಯವರು ಭಾರತೀಯರು ಎಂದು ಬರೆದಿದ್ದೆ, ಫೋಟೋದಲ್ಲಿ ಆಫ್ರಿಕಾದವರ ಹಾಗೆ ಕಾಣುತ್ತಾರೆ, ಹಾಗಾದರೆ ಅವರು ಯಾರು?" ನೀನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂಬುದನ್ನು ಬಲ್ಲೆ. ಆದರೆ ಅರವತ್ತು ದಾಟಿದ ಈ ಹೆಂಗಸು ಹುಟ್ಟಿದಾಗಿನಿಂದ ಕೇಳಿಸಿಕೊಳ್ಳುತ್ತ ಬಂದಿರುವುದು ಇದೇ ಪ್ರಶ್ನೆಯನ್ನು, ಆದ್ದರಿಂದ ಅದಕ್ಕೆ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ.

ಅವರ ತಾಯಿ ಕೂವಾ ಕಡೆಯ ಕಬ್ಬಿನ ಹಳ್ಳಿಯೊಂದರ ಹಿಂದೂ ಮನೆತನದವರು, ತಂದೆ ಆಫ್ರಿಕನ್ ಮೂಲದ ಪೊಲೀಸ್ ಪೇದೆ. ಇಂಥವರಿಗೆ ಇಲ್ಲಿರುವ ಹೆಸರು 'ಡಗ್ಲಾ'. ಇದು ಇಂಗ್ಲಿಷರೋ ಫ್ರೆಂಚರೋ ತಂದ ಪದವಲ್ಲ. ಭೋಜಪುರಿಯ 'ದೊಗ್ಲಾ' ಹಡಗು ಹತ್ತಿ ಇಲ್ಲಿಗೆ ಬಂದು ನಾಲಗೆಗೆ ತಕ್ಕಂತೆ ಬದಲಾದದ್ದು, ನಮ್ಮಲ್ಲಿ 'ಬೆರಕೆ' ಎಂದು ಬೈಯುವಾಗ ಇರುವ ತಿರಸ್ಕಾರವೆಲ್ಲ ಅದರಲ್ಲಿಯೂ ಇತ್ತು. ಇಂದು ಅನೇಕರು ಅದನ್ನು ಸಹಜವಾಗಿ, ಕೆಲವರು ಹೆಮ್ಮೆಯಿಂದಲೂ ಹೇಳಿಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ತಮ್ಮನ್ನು ಆಫ್ರಿಕನ್-ಭಾರತೀಯ ಮಿಶ್ರ ಮೂಲದವರೆಂದು ಗುರುತಿಸಿಕೊಂಡವರು ಶೇಕಡಾ 7ಕ್ಕೂ ಹೆಚ್ಚು. ಆದರೆ ನನ್ನ ಮನೆಯೊಡತಿ ಚಿಕ್ಕವರಿದ್ದಾಗ ಅವರ ನಾನಾ, ಅಂದರೆ ತಾಯಿಯ ತಂದೆ, ಆ ಪದವನ್ನು ಆಡುತ್ತಿದ್ದುದು ಅದರ ಹಳೆಯ ಅರ್ಥದಲ್ಲಿಯೇ. ಆ ಮನೆಯ ಹಿಂಬಾಗಿಲಿನಿಂದ ನಾನಿ ಮೊಮ್ಮಗಳ ಕೈಗೆ ದಾಲ್‌ಪುರಿ ಕೊಟ್ಟು ಕಳುಹಿಸುತ್ತಿದ್ದರಂತೆ. ಮುಂಬಾಗಿಲಿನಿಂದ ಅವರು ಒಳಗೆ ಹೋದದ್ದು ನಾನಾ ತೀರಿಹೋದ ದಿನ.

ತಂದೆಯ ಕಡೆಯವರ ನೋಟ ಬೇರೆಯಿತ್ತು. ಅಲ್ಲಿ ಅತ್ತೆಯಂದಿರು ಇವರ ಕೂದಲಿಗೆ ಕೈಯಾಡಿಸಿ "ಗುಡ್ ಹೇರ್" ಎಂದು ಮೆಚ್ಚಿಕೊಳ್ಳುತ್ತಿದ್ದರಂತೆ, ಏಕೆಂದರೆ ಅದು ಅವರ ಕೂದಲಿನಷ್ಟು ಬಿಗಿಯಾದ ಗುಂಗುರಾಗಿರಲಿಲ್ಲ. ಆದರೆ ಜಗಳ ಬಂದ ದಿನ ಅದೇ ಬಾಯಿಂದ 'ಕೂಲಿ' ಎಂಬ ಬೈಗುಳವೂ ಬರುತ್ತಿತ್ತು, ಭಾರತೀಯರಿಗೆಂದೇ ಇಲ್ಲಿ ಮೀಸಲಾದ ಬೈಗುಳ ಅದು. ತಾಯಿಯ ಹಳ್ಳಿಯಲ್ಲಿ ಅವಮಾನ ತಂದ ಕೂದಲು ತಂದೆಯ ಬೀದಿಯಲ್ಲಿ ಹೆಮ್ಮೆ ತಂದಿತು. ಈ ಕೆರಿಬಿಯನ್ ದ್ವೀಪಗಳಲ್ಲಿ ಬಣ್ಣ, ಕೂದಲು, ಮೂಗುಗಳ ಬೆಲೆ ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಏರಿಳಿಯುತ್ತದೆ ಎಂದು ನನಗೆ ಅರ್ಥವಾದದ್ದು ಈ ಮಾತು ಕೇಳಿದ ಮೇಲೆ. ಕಪ್ಪು-ಬಿಳುಪು ಎಂಬ ಎರಡೇ ಪಾಲಿನ ಅಮೆರಿಕದ ಕಥೆಯನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿಗೆ ಬಂದಿದ್ದ ನನಗೆ ಮೊದಲ ವರ್ಷವೆಲ್ಲ ಏನೂ ತಿಳಿಯಲಿಲ್ಲ.

ಈ ಮಾಪನ ಹುಟ್ಟಿದ್ದು ತೋಟಗಳಲ್ಲಿ. 1783ರಲ್ಲಿ ಸ್ಪೇನಿನ ದೊರೆತನ ಟ್ರಿನಿಡಾಡ್‌ಗೆ ಜನರನ್ನು ಕರೆತರಲು ಒಂದು ಶಾಸನ ಹೊರಡಿಸಿ, ಕ್ಯಾಥೊಲಿಕರಾದ ತೋಟದ ಒಡೆಯರಿಗೆ ತಲೆಗೆ ಸುಮಾರು 30 ಎಕರೆಯಂತೆ ಪುಕ್ಕಟೆ ಭೂಮಿ ಕೊಟ್ಟಿತು, ಜೊತೆಗೆ ತಂದ ಪ್ರತಿ ಗುಲಾಮನ ಲೆಕ್ಕಕ್ಕೆ ಇನ್ನಷ್ಟು ಕೊಟ್ಟಿತು. ಬಿಳಿಯರಲ್ಲದ ಸ್ವತಂತ್ರರಿಗೆ ಸಿಕ್ಕದ್ದು ಅದರ ಅರ್ಧ. ಬಣ್ಣವನ್ನು ಎಕರೆಯಲ್ಲಿ ಅಳೆದರು ಎಂದು ಇದನ್ನು ಹೇಳಿದರೆ ಅತಿಶಯವಾಗದು. 1797ರಲ್ಲಿ ದ್ವೀಪ ಬ್ರಿಟಿಷರ ಕೈಸೇರಿತು, ಬಣ್ಣದ ಈ ಏಣಿ ಹಾಗೆಯೇ ಉಳಿಯಿತು. ಒಡೆಯನಿಗೆ ಗುಲಾಮ ಹೆಂಗಸಿನಲ್ಲಿ ಹುಟ್ಟಿದ ತಿಳಿಬಣ್ಣದ ಮಕ್ಕಳನ್ನು ಮನೆಗೆಲಸಕ್ಕೆ, ಕುಶಲ ಕಸುಬಿಗೆ ಹಚ್ಚುವುದು, ಕೆಲವರನ್ನು ಬಿಡುಗಡೆ ಮಾಡುವುದು, ಕಡುಗಪ್ಪಿನವರನ್ನು ಕಬ್ಬಿನ ಗದ್ದೆಗೆ ಅಟ್ಟುವುದು ಎಲ್ಲ ದ್ವೀಪಗಳ ರೂಢಿಯಾಗಿತ್ತು. ಓದು, ಆಸ್ತಿ, ಗುಮಾಸ್ತಿಕೆಗಳು ಮೊದಲು ಆ ಕಂದು ವರ್ಗಕ್ಕೆ ದಕ್ಕಿದ್ದರಿಂದ ತಿಳಿಬಣ್ಣವೇ ಯೋಗ್ಯತೆಯ ಗುರುತೆಂಬ ನಂಬಿಕೆ ಗಟ್ಟಿಯಾಯಿತು. ಇಂದಿಗೂ ಇಲ್ಲಿ 'ರೆಡ್' ಎಂದರೆ ಕೆಂಪು ಛಾಯೆಯ ತಿಳಿ ಮೈಬಣ್ಣ, 'ಫ್ರೆಂಚ್ ಕ್ರಿಯೋಲ್' ಎಂದರೆ ಹಳೆಯ ಬಿಳಿ ಒಡೆತನದ ಮನೆತನ, 'ಕೊಕೊ ಪಾನ್ಯೋಲ್' ಎಂದರೆ ವೆನೆಜುವೆಲಾ ಕಡೆಯಿಂದ ಬಂದ ಮಿಶ್ರ ಮೂಲದ ಕೋಕೋ ಬೆಳೆಗಾರರ ವಂಶ. ಪ್ರತಿಯೊಂದು ಪದವೂ ಏಣಿಯ ಒಂದೊಂದು ಮೆಟ್ಟಿಲು.

ಜಮೈಕಾದಲ್ಲಿ 1955ರಲ್ಲಿ, ಬ್ರಿಟಿಷ್ ಆಳ್ವಿಕೆಯ ಮುನ್ನೂರನೇ ವರ್ಷದ ಉತ್ಸವಕ್ಕೆಂದು, ಒಂದು ಪತ್ರಿಕೆ ಸೌಂದರ್ಯ ಸ್ಪರ್ಧೆ ನಡೆಸಿತು. ಒಬ್ಬ ರಾಣಿಯ ಬದಲು ಹತ್ತು ರಾಣಿಯರು: ಕಡುಗಪ್ಪಿನವಳು ಮಿಸ್ ಎಬನಿ, ಕೋಕೋ ಬಣ್ಣದವಳು ಮಿಸ್ ಮಹಾಗನಿ, ಹಾಲು ಬೆರೆಸಿದ ಕಾಫಿಯ ಬಣ್ಣದವಳು ಮಿಸ್ ಸ್ಯಾಟಿನ್‌ವುಡ್, ಯುರೋಪಿಯನ್ ಮೂಲದವಳು ಮಿಸ್ ಆ್ಯಪಲ್ ಬ್ಲಾಸಮ್, ಭಾರತೀಯ ಮೂಲದವಳು ಮಿಸ್ ಸ್ಯಾಂಡಲ್‌ವುಡ್. ನಮ್ಮ ಗಂಧದ ಹೆಸರನ್ನು ಆ ಪಟ್ಟಿಯಲ್ಲಿ ಕಂಡಾಗ ನನ್ನ ಮೈ ಜುಮ್ಮೆಂದಿತು. ಎಲ್ಲ ಬಣ್ಣಗಳಿಗೂ ಕಿರೀಟ ಸಿಕ್ಕಿತಲ್ಲ ಎಂದು ಆಗ ಬಹಳ ಜನ ಸಂತೋಷಪಟ್ಟಿರಬೇಕು; ನನಗೆ ಕಾಣುವುದು, ಒಬ್ಬಳ ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿ ಒಂದೇ ಕಿರೀಟಕ್ಕೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ಮಾತ್ರ.

ಭಾರತೀಯರು ಇದರೊಳಗೆ ಬಂದ ಬಗೆಯನ್ನು ನೀನು ತಿಳಿಯಲೇಬೇಕು. 1838ರ ಆಗಸ್ಟ್ 1ರಂದು ಗುಲಾಮರು ಪೂರ್ಣ ಬಿಡುಗಡೆ ಹೊಂದಿದರು. ಬ್ರಿಟಿಷ್ ಸರ್ಕಾರ ಗೊತ್ತುಮಾಡಿದ್ದ 2 ಕೋಟಿ ಪೌಂಡ್ ಪರಿಹಾರ ಒಡೆಯರ ಪಾಲಾಯಿತು, ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಬಿಡುಗಡೆಯಾದವರು ಹೆಚ್ಚು ಕೂಲಿ ಕೇಳಿದಾಗ ತೋಟದವರು ಹುಡುಕಿದ ಉಪಾಯವೇ ನಮ್ಮವರು. 1845ರ ಮೇ 30ರಂದು ಕಲ್ಕತ್ತೆಯಿಂದ ಫತೆಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಇಲ್ಲಿ ಇಳಿಸಿತು, 1917ರವರೆಗೆ ಬಂದವರು ಸುಮಾರು 1,44,000. ಅವರನ್ನು ಕರೆತಂದ ಖರ್ಚಿನ ಒಂದು ಪಾಲು ಹೋದದ್ದು ವಸಾಹತಿನ ಬೊಕ್ಕಸದಿಂದ, ಎಂದರೆ ಬಿಡುಗಡೆಯಾದವರು ಕಟ್ಟಿದ ತೆರಿಗೆಯೂ ಸೇರಿದ ಹಣದಿಂದ. ಬಿಡುಗಡೆಯಾದವರ ಕೂಲಿಯನ್ನು ತಗ್ಗಿಸಲು ಅವರ ಹಣವನ್ನೇ ಬಳಸಿದರು. ಇತ್ತ ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಬಂದವರು ಚೀಟಿಯಿಲ್ಲದೆ ತೋಟದಾಚೆ ಕಾಲಿಟ್ಟರೆ ಜೈಲು ಸೇರುತ್ತಿದ್ದರು. ಅವರ ಹಿಂದೂ ಮದುವೆಗಳಿಗೆ 1940ರ ದಶಕದ ನಡುವಿನವರೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಇಬ್ಬರೂ ಒಂದೇ ಗಾಣದಲ್ಲಿ ಸಿಕ್ಕ ಕಬ್ಬುಗಳು. ಆದರೆ ಒಬ್ಬರನ್ನೊಬ್ಬರು ನೋಡಿದ್ದು ಹಾಗಲ್ಲ: ಆಫ್ರಿಕನ್ನರಿಗೆ ಇವರು ತುತ್ತು ಕಸಿಯಲು ಬಂದ ಕೂಲಿಗಳಾಗಿ ಕಂಡರು, ಊರಿನಿಂದ ಜಾತಿಯ ಮಡಿಯನ್ನೂ ಬಣ್ಣದ ಲೆಕ್ಕವನ್ನೂ ಹೊತ್ತು ತಂದಿದ್ದ ನಮ್ಮವರಿಗೆ ಅವರು ಮುಟ್ಟಬಾರದವರಾಗಿ ಕಂಡರು. ಹಡಗಿನಲ್ಲಿ ಜಾತಿ ಕಲಸಿಹೋಯಿತು ಎಂದು ಪುಸ್ತಕಗಳು ಹೇಳುವುದು ಬಹಳಮಟ್ಟಿಗೆ ನಿಜ. ಕೆಳಗೆ ಯಾರಾದರೊಬ್ಬರು ಇರಬೇಕೆಂಬ ಅಭ್ಯಾಸ ಮಾತ್ರ ಕಲಸಿಹೋಗಲಿಲ್ಲ.

ಮನೆಯೊಡತಿ ಪೋರ್ಟ್ ಆಫ್ ಸ್ಪೇನ್‌ನ ದಾಖಲೆಗಳಲ್ಲಿ ಎರಡೂ ಕಡೆಯ ಹಿರಿಯರನ್ನು ಹುಡುಕಿದ್ದಾರೆ. ತಾಯಿಯ ಕಡೆಯ ಮುತ್ತಜ್ಜನ ವಲಸೆ ಚೀಟಿ ಸಿಕ್ಕಿತು. ಅದರಲ್ಲಿ ಬಸ್ತಿ ಜಿಲ್ಲೆ, ಹಳ್ಳಿಯ ಹೆಸರು, ಜಾತಿ ಎಲ್ಲವೂ ಇವೆ. ಅವರು ಜನವರಿಯಲ್ಲಿ ಮೊದಲು ಹೋಗಲಿರುವುದು ಆ ಹಳ್ಳಿಗೆ. ತಂದೆಯ ಕಡೆ ದೊರೆಯುವುದು 1813ರಲ್ಲಿ ಆರಂಭವಾದ ಗುಲಾಮರ ನೋಂದಣಿ ಪುಸ್ತಕಗಳು ಮಾತ್ರ: ಒಡೆಯ ಇಟ್ಟ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತುಗಳು, ಜೊತೆಗೆ ಬಣ್ಣಕ್ಕೆಂದೇ ಒಂದು ಕಾಲಮ್ಮು. ಹಳ್ಳಿಯ ಹೆಸರಿಲ್ಲ. "ಒಂದು ಕಡೆ ಜಾತಿ ಬರೆದುಕೊಂಡರು, ಇನ್ನೊಂದು ಕಡೆ ಬಣ್ಣ ಬರೆದುಕೊಂಡರು" ಎಂದು ಅವರು ಹೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ರಾಜಕೀಯದ ಬಗ್ಗೆ ಉದ್ದ ಬರೆಯುವುದಿಲ್ಲ. 1956ರಿಂದ ದೇಶ ನಡೆಸಿದ ಎರಿಕ್ ವಿಲಿಯಮ್ಸ್, ತೋಟಗಳ ಇತಿಹಾಸವನ್ನು ಅವರಷ್ಟು ಬಲ್ಲವರು ಕಡಿಮೆ, 1958ರ ಚುನಾವಣೆಯಲ್ಲಿ ಪಕ್ಷ ಸೋತ ಸಿಟ್ಟಿನಲ್ಲಿ ಭಾರತೀಯರನ್ನು ಹಟಮಾರಿ, ಹಗೆತನದ ಅಲ್ಪಸಂಖ್ಯಾತರೆಂದು ಕರೆದ ಗಾಯ ಇನ್ನೂ ಮಾಯ್ದಿಲ್ಲ. ಎರಡು ದೊಡ್ಡ ಪಕ್ಷಗಳ ಬೆಂಬಲ ಇಂದಿಗೂ ಬಹುಮಟ್ಟಿಗೆ ಮೂಲದ ಮೇಲೆ ಹಂಚಿಹೋಗಿದೆ. ಆದರೂ 1970ರ ಮಾರ್ಚ್ 12ರಂದು, ಕಪ್ಪು ಜನರ ಚಳವಳಿಯ ಯುವಕರು "ಭಾರತೀಯರೂ ಆಫ್ರಿಕನ್ನರೂ ಈಗಲೇ ಒಂದಾಗಲಿ" ಎಂದು ಘೋಷಿಸುತ್ತ ರಾಜಧಾನಿಯಿಂದ ಕರೋನಿಯ ಕಬ್ಬಿನ ಸೀಮೆಗೆ ನಡೆದುಕೊಂಡೇ ಹೋದರು. ಮನೆಯೊಡತಿ ಆಗ ಚಿಕ್ಕ ಹುಡುಗಿ. ತಂದೆಯ ಜನ ತಾಯಿಯ ಊರಿನತ್ತ ಮೆರವಣಿಗೆಯಲ್ಲಿ ಹೋಗುವುದನ್ನು ನೋಡಿ, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡರಂತೆ. ಏಪ್ರಿಲ್‌ನಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು, ನಾಯಕರು ಸೆರೆಯಾದರು.

ನೀನು ಕೇಳಿದ ಕ್ವೀನ್ಸ್ ಪಾರ್ಕ್ ಓವಲ್‌ಗೂ ಹೋಗಿ ಬಂದೆ. ಒಂದು ಕಾಲದಲ್ಲಿ ಈ ಊರಿನ ಕ್ರಿಕೆಟ್ ಕ್ಲಬ್ಬುಗಳೂ ಬಣ್ಣದ ಮೆಟ್ಟಿಲುಗಳೇ ಆಗಿದ್ದವು: ಕ್ವೀನ್ಸ್ ಪಾರ್ಕ್ ಬಿಳಿಯರದು, ಮೇಪಲ್ ಕಂದು ಬಣ್ಣದ ಮಧ್ಯಮ ವರ್ಗದ್ದು, ಶ್ಯಾನನ್ ಕಪ್ಪು ಬಣ್ಣದ ಕೆಳಮಧ್ಯಮ ವರ್ಗದ್ದು. ಸ್ವತಃ ಕಪ್ಪು ಬಣ್ಣದವರಾದ ಇಲ್ಲಿನ ಲೇಖಕ ಸಿ.ಎಲ್.ಆರ್. ಜೇಮ್ಸ್ ತರುಣರಾಗಿದ್ದಾಗ ಮೇಪಲ್ ಸೇರಿದ್ದನ್ನು ಮುಂದೆ ಪಶ್ಚಾತ್ತಾಪದಿಂದ ನೆನೆದರು. ಅವರು ಹಟ ಹಿಡಿದು ಬರೆದದ್ದೂ ಒಂದು ಕಾರಣವಾಗಿ, ಫ್ರಾಂಕ್ ವೊರೆಲ್ 1960ರಲ್ಲಿ ಪೂರ್ಣ ಸರಣಿಯೊಂದಕ್ಕೆ ವೆಸ್ಟ್ ಇಂಡೀಸ್ ತಂಡದ ನಾಯಕರಾದ ಮೊದಲ ಕಪ್ಪು ಆಟಗಾರರಾದರು. ಆ ಮೈದಾನದಲ್ಲಿಯೇ 1976ರ ಏಪ್ರಿಲ್‌ನಲ್ಲಿ ನಮ್ಮ ವಿಶ್ವನಾಥ್ 112 ಹೊಡೆದು, ಬ್ರಿಜೇಶ್ ಪಟೇಲ್ 49ರಲ್ಲಿ ಔಟಾಗದೆ ಉಳಿದು, ಭಾರತ 406 ರನ್ ಮಾಡಿ ಗೆದ್ದದ್ದು. ನಾವು ಹುಡುಗರಾಗಿ ಆ ಗೆಲುವನ್ನು ಕುಣಿದು ಆಚರಿಸಿದ್ದು ನೆನಪಿದೆಯಲ್ಲ? ವೆಸ್ಟ್ ಇಂಡೀಸಿನ ಮೂವರು ಸ್ಪಿನ್ನರುಗಳಲ್ಲಿ ಇಬ್ಬರು, ಇಮ್ತಿಯಾಜ್ ಅಲಿ ಮತ್ತು ಜುಮಾದೀನ್, ಭಾರತೀಯ ಮೂಲದ ಟ್ರಿನಿಡಾಡಿಗರೇ. ಅಂಥ ಪಂದ್ಯಗಳಲ್ಲಿ ಭಾರತಕ್ಕೆ ಚಪ್ಪಾಳೆ ತಟ್ಟಿದ ಇಲ್ಲಿನ ಭಾರತೀಯರನ್ನು ನೆರೆಯವರು ದ್ರೋಹಿಗಳೆಂದು ಹಂಗಿಸಿದರು. ಮನೆಯೊಡತಿ ಅಂದು ರೇಡಿಯೋ ಮುಂದೆ ಕುಳಿತು ಯಾರಿಗೂ ಚಪ್ಪಾಳೆ ತಟ್ಟಲಿಲ್ಲವಂತೆ. ಎಲ್ಲರನ್ನೂ ಮೂಲ ದೇಶಕ್ಕೆ ಕಳುಹಿಸುವುದಾದರೆ ನನ್ನನ್ನು ಎರಡು ತುಂಡು ಮಾಡಬೇಕಾಗುತ್ತದೆ ಎಂದು ಹಾಡಿದ, ಡಗ್ಲಾ ಎಂಬುದನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಗಾಯಕ 1961ರಲ್ಲಿ ಇಲ್ಲಿನ ಕ್ಯಾಲಿಪ್ಸೊ ಹಾಡಿನ ಸ್ಪರ್ಧೆಯ ಕಿರೀಟ ಗೆದ್ದಿದ್ದ. ಆ ಸಾಲನ್ನು ಅವರು ಈಗಲೂ ಅಡುಗೆ ಮಾಡುತ್ತ ಗುನುಗುತ್ತಾರೆ.

ಇಲ್ಲಿ ಮಗು ಹುಟ್ಟಿದ ಕೂಡಲೇ ಕಿವಿಯ ಅಂಚು ನೋಡಿ ಮುಂದೆ ಬಣ್ಣ ಎಷ್ಟು ಗಾಢವಾಗಬಹುದೆಂದು ಅಂದಾಜು ಮಾಡುವ ಹೆಂಗಸರಿದ್ದಾರೆ. ನನ್ನ ಅಕ್ಕನ ಬಸುರಿನಲ್ಲಿ ಮಗು ಬೆಳ್ಳಗಾಗಲೆಂದು ಅಮ್ಮ ಕೇಸರಿ ಹಾಲು ಕುಡಿಸಿದ್ದು, ಹೆಣ್ಣು ನೋಡಲು ಬಂದವರು 'ಎಣ್ಣೆಗೆಂಪು', 'ಸಾದುಗಪ್ಪು' ಎಂದು ತೂಗಿದ್ದು ಆಗ ನೆನಪಾಯಿತು. ಒಳ್ಳೆಯ ಬದಲಾವಣೆಗಳೂ ಆಗುತ್ತಿವೆ. ಜಡೆ, ಹಗ್ಗದಂತೆ ಗಂಟುಕಟ್ಟಿದ ಲಾಕ್ಸ್ ಮುಂತಾದ ಆಫ್ರಿಕನ್ ಕೇಶವಿನ್ಯಾಸಗಳೊಂದಿಗೆ ಮಕ್ಕಳು ತರಗತಿಗೆ ಬರಲು 2023ರಲ್ಲಿ ಸರ್ಕಾರವೇ ಶಾಲೆಗಳ ಕೂದಲ ನಿಯಮವನ್ನು ಸಡಿಲಿಸಿತು. ನಿವೃತ್ತ ಶಿಕ್ಷಕಿಯಾದ ಮನೆಯೊಡತಿ ಆ ಸುದ್ದಿ ಓದಿ ಅತ್ತುಬಿಟ್ಟರು.

ಈಗ ನನ್ನ ಬೇಡಿಕೆ. ಟಿಕೆಟ್ ಕೊಳ್ಳುವ ಮೊದಲು ಅವರು ನನ್ನನ್ನು ಕೇಳಿದ ಪ್ರಶ್ನೆ, 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿದ ಸುದ್ದಿಯ ಬಗ್ಗೆ. ಬೇರೆ ಯಾರೋ ಆಫ್ರಿಕನ್ ಮಾಡಿದ ಅಪಘಾತಕ್ಕೆ ಅವಳನ್ನು ಹಿಡಿದರು ಎಂಬುದನ್ನು ನಾನು ಮುಚ್ಚಿಡಲಿಲ್ಲ. "ನಾನು ನನ್ನ ನಾನಿಯ ದೇಶಕ್ಕೆ ಬರುತ್ತಿದ್ದೇನೆ, ಅಲ್ಲಿ ಯಾರಿಗೆ ಅದು ಗೊತ್ತಾಗುತ್ತದೆ?" ಎಂದರು. ಮೈಸೂರಿನಲ್ಲಿ ನನ್ನ ಗೆಳೆಯನ ಮನೆಯವರಿಗೆ ಗೊತ್ತಿರುತ್ತದೆ ಎಂದು ನಿನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದೇನೆ. ಅವರು ಯಾರು, ಎಲ್ಲಿಯವರು ಎಂದು ನೆರೆಹೊರೆಯವರು ವಿಚಾರಿಸಿದರೆ ಟ್ರಿನಿಡಾಡ್‌ನವರು, ಟೀಚರ್ ಆಗಿದ್ದವರು, ನಮ್ಮ ಮನೆಗೆ ಬಂದವರು ಎಂದಷ್ಟೇ ಹೇಳು. ಮಕ್ಕಳು ಕುತೂಹಲಕ್ಕೆ ಅವರ ಕೂದಲು ಮುಟ್ಟಲು ಹೋಗದಂತೆ ಮೊದಲೇ ತಿಳಿಸಿರು. ಅಮ್ಮನಿಗೆ ನಾನೇ ಫೋನ್ ಮಾಡಿ ಮಾತನಾಡುತ್ತೇನೆ. ಸಾಧ್ಯವಾದರೆ ಒಂದು ದಿನ ಬೇಳೆ ಹೋಳಿಗೆ ಮಾಡಿಸು. ಹಿಂಬಾಗಿಲಲ್ಲಿ ನಾನಿ ಕೊಡುತ್ತಿದ್ದ ದಾಲ್‌ಪುರಿಗೂ ಅದಕ್ಕೂ ಎಷ್ಟು ನಂಟೆಂದು ಅವರು ತಿಂದು ನೋಡಬೇಕಂತೆ. ವಿಮಾನದ ದಿನ, ವೇಳೆ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಬೆಂಗಳೂರಿನ ನಿಲ್ದಾಣಕ್ಕೆ ದಯವಿಟ್ಟು ನೀನೇ ಹೋಗು.

ನಿನ್ನ ಪ್ರೀತಿಯ ಗೆಳೆಯ