ಕ್ರೆಡಿಟ್ಟಿನ ಲೆಕ್ಕ: ದೂರಶಿಕ್ಷಣಕ್ಕೆ ಸೇರಿದ ಅಣ್ಣನ ಮಗಳಿಗೆ

ಚಿ. ಸುಮನಾಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನೌಕರಿ ಬಿಡದೆಯೇ ದೂರಶಿಕ್ಷಣದಲ್ಲಿ ಪದವಿ ಓದಲು ಸೇರಿರುವುದನ್ನು ತಿಳಿದು ಸಂತೋಷವಾಯಿತು. ಆದರೆ ಮೊದಲ ಅವಧಿಯಲ್ಲೇ ಸಾಧ್ಯವಾದಷ್ಟು ಕೋರ್ಸ್‌ಗಳನ್ನು ತೆಗೆದುಕೊಂಡು ಬೇಗ ಮುಗಿಸಿಬಿಡುತ್ತೇನೆ ಎಂದು ಬರೆದಿರುವೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನೋಂದಣಿಯ ಅರ್ಜಿ ತುಂಬುವ ಮೊದಲು ಇದನ್ನು ಓದು.

ಕ್ರೆಡಿಟ್ ಎನ್ನುವುದು ನೋಡಲು ಅಂಕದ ಹಾಗಿದ್ದರೂ ನಿಜದಲ್ಲಿ ಅದು ಓದಿಗೆ ಬೇಕಾದ ಸಮಯದ ಅಳತೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) 1 ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಪಾಠಗಳನ್ನು ಓದುವುದು, ಪಾಠದ ವಿಡಿಯೊ ನೋಡುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಅದರೊಳಗೇ ಬರುತ್ತವೆ. ಯುರೋಪಿನ ದೇಶಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಅದೇ 1 ಕ್ರೆಡಿಟ್ಟಿಗೆ 25ರಿಂದ 30 ಗಂಟೆ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ 10 ಗಂಟೆ ಮಾತ್ರ. ಹೀಗಾಗಿ ಓಪನ್ ಯೂನಿವರ್ಸಿಟಿಯಲ್ಲಿ ಆನರ್ಸ್ ಪದವಿಗೆ 360 ಕ್ರೆಡಿಟ್, ಇಸಿಟಿಎಸ್ ಪದ್ಧತಿಯಲ್ಲಿ ಮೂರು ವರ್ಷದ ಪದವಿಗೆ 180 ಎಂದಾಗ ಎರಡನೆಯದು ಅರ್ಧದಷ್ಟು ಸುಲಭವೆಂದು ತಿಳಿಯಬಾರದು. ಗಂಟೆಗಳಿಗೆ ಇಳಿಸಿ ನೋಡದೆ ಎರಡು ಸಂಸ್ಥೆಗಳ ಕ್ರೆಡಿಟ್ ಸಂಖ್ಯೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಈಗ ನಿನ್ನ ಯೋಚನೆಯನ್ನೇ ಲೆಕ್ಕಕ್ಕೆ ಹಚ್ಚೋಣ. ಒಂದು ಕ್ರೆಡಿಟ್ಟಿಗೆ 30 ಗಂಟೆಯಂತೆ 6 ಕ್ರೆಡಿಟ್ಟಿನ ಕೋರ್ಸ್‌ಗೆ 180 ಗಂಟೆ ಬೇಕು. ಆರು ತಿಂಗಳ ಅವಧಿಯೆಂದರೆ 26 ವಾರ ನಿಜ, ಆದರೆ ಪಠ್ಯ ಕೈಸೇರುವುದು ತಡವಾಗುವ, ನಡುವೆ ಕಾಯಿಲೆ, ಪ್ರಯಾಣ, ಕಚೇರಿಯ ಒತ್ತಡ ಬರುವ ಸಂಭವವನ್ನು ಕಳೆದರೆ ಓದಿಗೆ 20 ವಾರ ಸಿಕ್ಕರೆ ಹೆಚ್ಚು. ಆಗ ಒಂದು ಕೋರ್ಸ್ ವಾರಕ್ಕೆ 9 ಗಂಟೆ ಕೇಳುತ್ತದೆ. ಅಂಥ ನಾಲ್ಕನ್ನು ಒಟ್ಟಿಗೆ ತೆಗೆದುಕೊಂಡರೆ 36 ಗಂಟೆ, ಅಂದರೆ ನೌಕರಿಯ ಮೇಲೆ ಹೆಚ್ಚುಕಡಿಮೆ ಇನ್ನೊಂದು ನೌಕರಿ. ಅವಧಿ ಚಿಕ್ಕದಾದಷ್ಟೂ ಈ ಹೊರೆ ಬಿಗಿಯಾಗುತ್ತದೆ. ಅಮೆರಿಕದ ರೂಢಿಯಂತೆ 3 ಕ್ರೆಡಿಟ್ಟಿನ ಕೋರ್ಸ್ 15 ವಾರಗಳಲ್ಲಿ ವಾರಕ್ಕೆ ಸುಮಾರು 9 ಗಂಟೆ ಬೇಡಿದರೆ, ಅದನ್ನೇ 8 ವಾರಗಳಿಗೆ ಹಿಡಿಸಿದಾಗ ಸುಮಾರು 17 ಗಂಟೆ ಬೇಡುತ್ತದೆ. ‘ಬೇಗ ಮುಗಿಯುವ ಕೋರ್ಸ್’ ಎಂಬ ಪ್ರಚಾರದಲ್ಲಿ ಈ ಸಂಗತಿಯನ್ನು ಯಾರೂ ದೊಡ್ಡ ಅಕ್ಷರದಲ್ಲಿ ಮುದ್ರಿಸುವುದಿಲ್ಲ.

ಆದ್ದರಿಂದ ಎರಡು ವಾರಗಳ ಕಾಲ ನಿನಗೆ ನಿಜವಾಗಿ ಎಷ್ಟು ಬಿಡುವು ಸಿಗುತ್ತದೆಂದು ಬರೆದಿಡು. ಸಿಗಬೇಕೆಂದು ನೀನು ಬಯಸುವ ಬಿಡುವನ್ನು ಬರೆಯಬೇಡ. ಆ ಗಂಟೆಗಳಿಗೆ ಹೊಂದುವಷ್ಟೇ ಕೋರ್ಸ್‌ಗಳನ್ನು ಮೊದಲ ಅವಧಿಗೆ ಆರಿಸಿಕೊ. ನನ್ನ ಅಭಿಪ್ರಾಯದಲ್ಲಿ ಎರಡು ಸಾಕು. ಮುಂದಿನ ಅವಧಿಗೆ ಒಂದನ್ನು ಸೇರಿಸಿಕೊಳ್ಳುವುದು ಸುಲಭ. ಅರ್ಧಕ್ಕೆ ಬಿಟ್ಟ ಕೋರ್ಸ್‌ಗೆ ಮತ್ತೆ ಶುಲ್ಕ ಕಟ್ಟಿ, ಮತ್ತೆ ಮೊದಲಿನಿಂದ ಓದುವುದು ಬಹಳ ಬೇಸರದ ಕೆಲಸ. ಆದರೆ ಕಡಿಮೆ ಮಾಡಿಕೊಳ್ಳುವುದಕ್ಕೂ ಒಂದು ಮಿತಿಯಿದೆ: ವಿದ್ಯಾರ್ಥಿವೇತನ ಅಥವಾ ಸಾಲದ ಆಸರೆ ಇದ್ದರೆ ಕನಿಷ್ಠ ಕ್ರೆಡಿಟ್‌ಗಳ ಷರತ್ತು ಇರಬಹುದು, ಅದನ್ನು ಮೊದಲೇ ವಿಚಾರಿಸು. ಅಮೆರಿಕದಲ್ಲಿ ಪದವಿ ಹಂತದಲ್ಲಿ ಪೂರ್ಣಕಾಲಿಕ ವಿದ್ಯಾರ್ಥಿ ಎನಿಸಿಕೊಳ್ಳಲು ಸಾಮಾನ್ಯವಾಗಿ ಒಂದು ಸೆಮಿಸ್ಟರ್‌ಗೆ 12 ಕ್ರೆಡಿಟ್ ಬೇಕು.

ಇನ್ನು ಬಹಳ ಮಂದಿ ಎಡವುವ ಜಾಗಕ್ಕೆ ಬರುತ್ತೇನೆ. ಒಟ್ಟು ಕ್ರೆಡಿಟ್ ತುಂಬಿದ ಮಾತ್ರಕ್ಕೆ ಪದವಿ ಬರುವುದಿಲ್ಲ. ಆ ಮೊತ್ತದೊಳಗೆ ಕಡ್ಡಾಯ ವಿಷಯಗಳಿಗೆ ಇಷ್ಟು, ಐಚ್ಛಿಕಗಳಿಗೆ ಇಷ್ಟು, ಭಾಷೆಗೆ ಇಷ್ಟು, ಮೇಲಿನ ಹಂತದ ಕೋರ್ಸ್‌ಗಳಿಗೆ ಇಷ್ಟು ಎಂಬ ಹಂಚಿಕೆ ಇರುತ್ತದೆ. ಓಪನ್ ಯೂನಿವರ್ಸಿಟಿಯ 360 ಕ್ರೆಡಿಟ್‌ಗಳೂ 120ರಂತೆ ಮೂರು ಹಂತಗಳಲ್ಲಿ ಹಂಚಿಕೊಂಡಿವೆ. ಮೊದಲ ಹಂತದ ಕೋರ್ಸ್‌ಗಳನ್ನೇ ಎಷ್ಟು ಓದಿದರೂ ಮೂರನೆಯ ಹಂತ ತುಂಬದು. ಇಷ್ಟವೆಂದು ಐಚ್ಛಿಕಗಳನ್ನೇ ಆರಿಸುತ್ತಾ ಹೋದವರು ಕೊನೆಯ ವರ್ಷದಲ್ಲಿ ಕಠಿಣವಾದ ಕಡ್ಡಾಯ ವಿಷಯಗಳನ್ನೆಲ್ಲ ಒಟ್ಟಿಗೆ ಎದುರಿಸಬೇಕಾಗುತ್ತದೆ.

ಇದನ್ನು ತಪ್ಪಿಸಲು ಯೋಜನೆಯನ್ನು ಕೊನೆಯ ಅವಧಿಯಿಂದ ಹಿಂದಕ್ಕೆ ಬರುತ್ತಾ ಮಾಡು. ಕೊನೆಯ ಅವಧಿಯಲ್ಲಿ ಪ್ರಾಜೆಕ್ಟ್ ಇದೆಯೆಂದಿಟ್ಟುಕೊ. ಅದಕ್ಕೆ ಮೊದಲು ಯಾವ ಕೋರ್ಸ್ ಮುಗಿದಿರಬೇಕು, ಅದಕ್ಕೂ ಮೊದಲು ಯಾವುದು, ಅವು ವರ್ಷಕ್ಕೆ ಒಂದೇ ಬಾರಿ ನಡೆಯುತ್ತವೆಯೋ ಎರಡು ಬಾರಿಯೋ ಎಂದು ಹುಡುಕುತ್ತಾ ಇಂದಿನವರೆಗೆ ಬಾ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕೋರ್ಸ್ ಒಂದು ಸಲ ತಪ್ಪಿದರೆ ಪದವಿಯೇ ಒಂದು ವರ್ಷ ಹಿಂದೆ ಬೀಳುತ್ತದೆ. ಒಂದೇ ಅವಧಿಯಲ್ಲಿ ಎರಡು ಲೆಕ್ಕದ ವಿಷಯಗಳನ್ನಾಗಲಿ, ದೀರ್ಘ ಪ್ರಬಂಧಗಳನ್ನು ಬೇಡುವ ಎರಡು ವಿಷಯಗಳನ್ನಾಗಲಿ ಇಟ್ಟುಕೊಳ್ಳಬೇಡ. ಒಂದೊಂದರಂತೆ ಜೋಡಿಸಿದರೆ ದಣಿವು ಕಡಿಮೆ.

ಅಸೈನ್‌ಮೆಂಟ್‌ಗಳನ್ನು ಲಘುವಾಗಿ ಕಾಣಬೇಡ. ಇಗ್ನೋದಲ್ಲಿ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಅವಕ್ಕೆ 30 ಪ್ರತಿಶತ, ಅಂತಿಮ ಪರೀಕ್ಷೆಗೆ 70 ಪ್ರತಿಶತ ತೂಕವಿದ್ದು, ಪರೀಕ್ಷೆಯಲ್ಲಿ ಪಾಸಾಗಿಯೂ ಅಸೈನ್‌ಮೆಂಟ್ ಬಾಕಿಯಿದ್ದರೆ ಆ ಕೋರ್ಸಿನ ಕ್ರೆಡಿಟ್ ಖಾತೆಗೆ ಸೇರುವುದಿಲ್ಲ. ಹಿಂದೆ ಬೇರೆಡೆ ಓದಿದ ಕ್ರೆಡಿಟ್‌ಗಳನ್ನು ವರ್ಗಾಯಿಸಿಕೊಳ್ಳುವ ಆಸೆಯಿದ್ದರೆ, ಎಷ್ಟನ್ನು, ಯಾವ ಕೋರ್ಸ್‌ಗಳ ಬದಲಿಗೆ ಒಪ್ಪುತ್ತಾರೆಂಬುದನ್ನು ಲಿಖಿತವಾಗಿಯೇ ಪಡೆದುಕೊ. ಹಾಗೆಯೇ ಪದವಿಗಿರುವ ಗರಿಷ್ಠ ಅವಧಿಯನ್ನೂ ನೋಡು: ಇಗ್ನೋದ ಮೂರು ವರ್ಷದ ಬಿ.ಎ.ಗೆ ಆರು ವರ್ಷಗಳ ಮಿತಿಯಿದೆ. ನಿಧಾನವಾಗಿ ಓದುವ ಸ್ವಾತಂತ್ರ್ಯ ಆ ಗಡಿಯವರೆಗೆ ಮಾತ್ರ.

ಅವಧಿವಾರು ಕೋರ್ಸ್‌ಗಳ ಪಟ್ಟಿಯೊಂದನ್ನು ಮಾಡಿ, ಪ್ರತಿ ಅವಧಿಯ ಎದುರು ಗಂಟೆಗಳನ್ನೂ ಬರೆದು, ಮೊದಲು ನಿನ್ನ ಅಧ್ಯಯನ ಕೇಂದ್ರದ ಸಲಹೆಗಾರರಿಗೆ ತೋರಿಸು. ಅವರು ತಿದ್ದಿದ ಮೇಲೆ ನನಗೂ ಒಂದು ಪ್ರತಿ ಕಳುಹಿಸು. ಎರಡನೆಯ ವರ್ಷದಲ್ಲಿ ನೀನು ಯಾವ ಐಚ್ಛಿಕವನ್ನು ಆರಿಸಿರುವೆ ಎಂದು ನೋಡುವ ಕುತೂಹಲ ನನಗಿದೆ.

ಇಂತಿ,
ನಿನ್ನ ಚಿಕ್ಕಪ್ಪ