ಮಗಳಿಗೊಂದು ಪತ್ರ: ಅಜ್ಜಿಯ ಮುಖಕ್ಕೆ ಕರಿ ಬೇಡ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಅಜ್ಜಿಯ ಚಿತ್ರ ನೋಡಿದೆ. ಗೆರೆ ತುಂಬಾ ಚೆನ್ನಾಗಿದೆ. ಮೂಗಿನ ಪಕ್ಕದ ಮಡಿಕೆ, ಕಣ್ಣಿನ ಕೆಳಗಿನ ಚೀಲ, ಮೂಗುಬಟ್ಟಿನ ಭಾರಕ್ಕೆ ಸ್ವಲ್ಪ ಜಗ್ಗಿದ ಹೊಳ್ಳೆ, ಥೇಟ್ ನಮ್ಮಮ್ಮ. ಆದರೆ ಬಣ್ಣ ಹಾಕಿದ ಮೇಲೆ ಮುಖ ಯಾಕೋ ಕೊಳೆಕೊಳೆಯಾಗಿ ಕಾಣುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ನೆರಳನ್ನು ಎರಡು ಸಲ ಹಾಕಿದ್ದೀಯ. ಕೆನ್ನೆಯ ಕೆಳಗೆ ಪೆನ್ನಿನಲ್ಲಿ ಅಡ್ಡಡ್ಡ ಗೆರೆ ಎಳೆದು ಒಂದು ಸಲ. ಅದರ ಮೇಲೇ ಕರಿ ಬೆರೆಸಿದ ಕಂದು ಬಳಿದು ಇನ್ನೊಂದು ಸಲ. ಎಲ್ಲಿ ಬೆಳಕು, ಎಲ್ಲಿ ಕತ್ತಲು ಅನ್ನೋದನ್ನು ಮಸಿ ಆಗಲೇ ಹೇಳಿ ಮುಗಿಸಿದೆ. ಬಣ್ಣ ಅದನ್ನೇ ಮತ್ತೆ ಹೇಳಬೇಕಿಲ್ಲ. ಬಣ್ಣ ತೋರಿಸಬೇಕಾದದ್ದು ಬೇರೆ. ಚರ್ಮದ ಕೆಳಗೆ ಎಲ್ಲಿ ರಕ್ತ ಓಡುತ್ತಿದೆ, ಎಲ್ಲಿ ಮೂಳೆ ಹತ್ತಿರ ಇದೆ, ಬೀಳುತ್ತಿರುವ ಬೆಳಕು ಬೆಚ್ಚಗಿದೆಯೋ (ಹಳದಿ, ಕೆಂಪಿನ ಕಡೆ) ತಣ್ಣಗಿದೆಯೋ (ನೀಲಿ ಕಡೆ), ಅದು ಬಣ್ಣದ ಕೆಲಸ.

ಹಾಗಾಗಿ ಕರಿ ಟ್ಯೂಬನ್ನು ಡಬ್ಬಿಯಿಂದ ತೆಗೆದು ಆಚೆ ಇಡು. ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪುಗಂದು ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸು. ಸಿಯೆನ್ನಾ ಜಾಸ್ತಿಯಾದರೆ ಬೆಚ್ಚಗಿನ ಕಡುಕಂದು, ನೀಲಿ ಜಾಸ್ತಿಯಾದರೆ ತಣ್ಣನೆಯ ಬೂದು. ಅಜ್ಜಿಯ ಮುಖಕ್ಕೆ ಬೇಕಾದ ನೆರಳೆಲ್ಲ ಇವೆರಡರ ನಡುವೆಯೇ ಸಿಗುತ್ತದೆ. ಇದರ ಜೊತೆ ಯೆಲ್ಲೋ ಆಕರ್ (ಮಣ್ಣಿನ ಹಳದಿ), ಒಂದು ಕೆಂಪು, ಸಾಕು. ಕೆಂಪಿಗೆ ಹಳೇ ಅಲಿಝರಿನ್ ಕ್ರಿಮ್ಸನ್ ಬೇಡ, ಬಿಸಿಲಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ರೋಸ್ ತಗೋ.

ಈಗ ಮುಖ. ಇಡೀ ಮುಖಕ್ಕೆ ಒಂದೇ ಕಂದು ಬಳಿದರೆ ಮುಖವಾಡ ಆಗುತ್ತದೆ. ಹಣೆಯಲ್ಲಿ ಮೂಳೆಯ ಮೇಲೆ ತೆಳು ಚರ್ಮ, ಅಲ್ಲಿ ಆಕರ್ ಕಡೆ ವಾಲಿಸು. ಕೆನ್ನೆ, ಮೂಗಿನ ತುದಿ, ಕಿವಿಗಳಲ್ಲಿ ಸಣ್ಣ ರಕ್ತನಾಳ ಜಾಸ್ತಿ, ಅಲ್ಲಿ ಕೆಂಪು. ಬಾಯಿಯ ಸುತ್ತ ಮತ್ತು ಗದ್ದದ ಕಡೆ ಸ್ವಲ್ಪ ತಣ್ಣಗಿನ ಬಣ್ಣ. ಗಂಡಸರಲ್ಲಿ ಗಡ್ಡದಿಂದಾಗಿ ಇದು ಇನ್ನೂ ಎದ್ದು ಕಾಣುತ್ತದೆ. ಅಜ್ಜಿಯಂಥ ಕಪ್ಪು ಮೈಬಣ್ಣದಲ್ಲೂ ಈ ವ್ಯತ್ಯಾಸ ಇದ್ದೇ ಇರುತ್ತದೆ. ಕೆನ್ನೆ ಗುಲಾಬಿ ಆಗೋದಿಲ್ಲ, ಇಟ್ಟಿಗೆಗೆಂಪಿಗೆ ತಿರುಗುತ್ತದೆ, ಅಷ್ಟೇ. ಮೇಲಿನ ತುಟಿ ಸಾಮಾನ್ಯವಾಗಿ ಕೆಳತುಟಿಗಿಂತ ಕಪ್ಪು. ಕಣ್ಣಿನ ಬಿಳಿಗೂ ಕಾಗದದ ಬಿಳಿ ಬಿಡಬೇಡ. ಅಲ್ಲಿ ರೆಪ್ಪೆಯ ನೆರಳು ಬಿದ್ದಿರುತ್ತದೆ.

ಎಣ್ಣೆಗಪ್ಪಿನ ಸೊಗಸು ಇರೋದು ಹೊಳಪಿನಲ್ಲಿ. ಅಜ್ಜಿಯನ್ನು ಬೆಳಿಗ್ಗೆ ಕಿಟಕಿ ಪಕ್ಕ ಕೂರಿಸಿ ನೋಡು. ಕೆನ್ನೆಯ ಎತ್ತರದ ಮೇಲೆ ಆಕಾಶದ ತೆಳು ನೀಲಿ ಕೂತಿರುತ್ತದೆ. ಹಸಿರು ಸೀರೆ ಉಟ್ಟಿದ್ದರೆ ಗದ್ದದ ಅಡಿಯಲ್ಲಿ ಹಸಿರು ಛಾಯೆ. ಇವೆರಡನ್ನೂ ಒಂದೊಂದು ಬ್ರಷ್ ತುದಿಯಷ್ಟು ಹಾಕು, ಮುಖಕ್ಕೆ ಜೀವ ಬರುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೀಯಲ್ಲ, ಮುಂದಿನ ಸಲ ಹೋದಾಗ ಬೆರಳುಗಳನ್ನು ಮಾತ್ರ ನೋಡು. ಸುಮಾರು ಜನ ಅದನ್ನು ರವಿವರ್ಮನ ತೈಲಚಿತ್ರ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್, 1945–46ರ ಹೊತ್ತಿಗೆ, ಅದೂ ಜಲವರ್ಣದಲ್ಲಿ. ರೂಪದರ್ಶಿ ಅವರ ಮಗಳು ಗೀತಾ. (ನಿನ್ನನ್ನು ಕೂರಿಸಿ ಬರೆಯೋಣ ಅಂದರೆ ನೀನು ಐದು ನಿಮಿಷ ಒಂದು ಕಡೆ ಕೂರುತ್ತಿರಲಿಲ್ಲ.) ದೀಪಕ್ಕೆ ಅಡ್ಡ ಹಿಡಿದ ಕೈ ಇದೆಯಲ್ಲ, ಅದರ ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಬೆಳಕು ಬೆರಳಿನ ಒಳಗೇ ಹೊಕ್ಕು ರಕ್ತದ ಬಣ್ಣ ಹೊತ್ತು ಆಚೆ ಬರುತ್ತದೆ. ರಾತ್ರಿ ಮೊಬೈಲಿನ ಟಾರ್ಚ್ ಮೇಲೆ ಬೆರಳಿಟ್ಟರೆ ನಿನಗೂ ಇದು ಕಾಣುತ್ತದೆ. ಹಿಂದಿನಿಂದ ಬಿಸಿಲು ಬಿದ್ದ ಕಿವಿಯದ್ದೂ ಇದೇ ಕಥೆ. ನಿನ್ನ ಚಿತ್ರದಲ್ಲಿ ಬೆಳಕು ಅಜ್ಜಿಯ ಹಿಂದಿನಿಂದಲೇ ಬರುತ್ತಿದೆ, ಕಿವಿ ಮಾತ್ರ ಬೂದು. ಅಲ್ಲಿ ಧೈರ್ಯವಾಗಿ ಕಿತ್ತಳೆ ಬೆರೆತ ಕೆಂಪು ಹಾಕು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ಅಜ್ಜಿ ಇರೋದಕ್ಕಿಂತ ಬೆಳ್ಳಗಾಗಿದ್ದಾರೆ. ಬೇಕೆಂದೇ ಮಾಡಿರಲಿಕ್ಕಿಲ್ಲ. ಒಂದು ಕಾರಣ ಮೊಬೈಲ್. ಎಷ್ಟೋ ಫೋನುಗಳು ಕಪ್ಪು ಮುಖ ಕಂಡರೆ ತಾವಾಗಿಯೇ ಬೆಳಗಿಸಿ, ಚರ್ಮ ನುಣುಪು ಮಾಡಿಬಿಡುತ್ತವೆ. ನೀನು ಆ ಫೋಟೋ ನೋಡಿ ಬರೆದಿದ್ದೀಯ. ಎರಡನೇ ಕಾರಣ ಜಲವರ್ಣದ್ದೇ ಗುಣ: ಒದ್ದೆ ಇದ್ದಾಗ ಗಾಢ, ಒಣಗಿದ ಮೇಲೆ ತೆಳು. ಪೂರ್ತಿ ಒಣಗಲು ಬಿಟ್ಟು ಇನ್ನೊಂದು ತೆಳು ಪದರ ಹಾಕು, ಬೇಕಾದರೆ ಮತ್ತೊಂದು. ಅರ್ಧ ಒಣಗಿದಾಗ ಕೈಹಾಕಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಮೂರನೇ ಕಾರಣ ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ನೀನು ಚಿಕ್ಕವಳಿದ್ದಾಗ ನಿನ್ನ ಕ್ರೇಯಾನ್ ಡಬ್ಬಿಯಲ್ಲಿ ಒಂದು ತಿಳಿ ಗುಲಾಬಿ ಕಡ್ಡಿಗೆ ‘ಸ್ಕಿನ್’ ಅಂತ ಹೆಸರಿತ್ತು. ನಮ್ಮ ಮನೆಯಲ್ಲಿ ಆ ಬಣ್ಣದವರು ಒಬ್ಬರೂ ಇಲ್ಲ! ಅಮೆರಿಕದ ಕ್ರೇಯೋಲಾ ಕಂಪನಿ ಅಂಥದ್ದೇ ಬಣ್ಣವನ್ನು ‘ಫ್ಲೆಶ್’ ಅಂತ ಮಾರುತ್ತಿತ್ತು, 1962ರಲ್ಲಿ ‘ಪೀಚ್’ ಅಂತ ಹೆಸರು ಬದಲಿಸಿತು.

ಗಾಢತೆ ಸರಿ ಇದೆಯೋ ಇಲ್ಲವೋ ಅನ್ನೋ ಅನುಮಾನ ಬಂದರೆ ಚಿತ್ರವನ್ನು ಕಪ್ಪು ಬಿಳುಪು ಫೋಟೋ ತೆಗೆದು ನೋಡು. ಅಜ್ಜಿಯ ಬಿಳಿಗೂದಲು ಮತ್ತು ಹಣೆ ಒಂದೇ ಬೂದು ಬಣ್ಣಕ್ಕೆ ಬಂದರೆ ಹಣೆ ಇನ್ನೂ ಕಪ್ಪಾಗಬೇಕು ಅಂತ ಅರ್ಥ.

ಗೆರೆ ಬಗ್ಗೆಯೂ ಸ್ವಲ್ಪ. ಮುಖದ ಒಳಗಿನ ಗೆರೆಗಳಿಗೆ ಕಪ್ಪಿನ ಬದಲು ಸೀಪಿಯಾ (ಕಡುಕಂದು) ಮಸಿ ಬಳಸು. ಮೂಗಿನ ಬದಿ, ತುಟಿಯ ಅಂಚು, ಸುಕ್ಕು ಇವಕ್ಕೆ ಕಪ್ಪು ತುಂಬಾ ಗಟ್ಟಿ. ಕಪ್ಪನ್ನು ರೆಪ್ಪೆಗೂದಲು, ಪಾಪೆ, ಹೊಳ್ಳೆಯ ಒಳಗು, ಸೆರಗಿನ ಅಂಚಿಗೆ ಉಳಿಸಿಕೋ. ಬೆಳಕು ಬೀಳುವ ಕಡೆ ಗೆರೆಯನ್ನು ಅಲ್ಲಲ್ಲಿ ತುಂಡು ಮಾಡು. ಮಿಕ್ಕಿದ್ದನ್ನು ನೋಡುವವರ ಕಣ್ಣೇ ಸೇರಿಸಿಕೊಳ್ಳುತ್ತದೆ.

ಮಸಿ ನೀರಿಗೆ ಕರಗದ್ದೇ ಆಗಿರಲಿ. ಮಾಮೂಲಿ ಫೌಂಟನ್ ಪೆನ್ ಇಂಕು ಬ್ರಷ್ ತಾಗಿದ ತಕ್ಷಣ ಹರಡುತ್ತದೆ. ನೀರಿಗೆ ಕರಗದ ಇಂಡಿಯನ್ ಇಂಕು ಒಣಗಿದ ಮೇಲೆ ಹರಡೋದಿಲ್ಲ. ಆದರೆ ಅದನ್ನು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ ಹಾಕು, ಫೌಂಟನ್ ಪೆನ್ನಿಗೆ ಹಾಕಿದರೆ ಕಟ್ಟಿಕೊಂಡು ಪೆನ್ ಹಾಳು.

ಕಾಲೇಜಿನ ಪತ್ರಿಕೆಗೆ ಕೊಡುತ್ತೀನಿ ಅಂದೆಯಲ್ಲ, ಅಚ್ಚಿಗೆ ಹೋಗುವಾಗ ಅಚ್ಚಿನ ನಾಲ್ಕು ಬಣ್ಣದ (ನೀಲಿ, ಕೆಂಪು, ಹಳದಿ, ಕರಿ) ಲೆಕ್ಕ ನೋಡಿಸು. ಚರ್ಮದಲ್ಲಿ ಸಾಮಾನ್ಯವಾಗಿ ಹಳದಿ ಕೆಂಪಿಗಿಂತ ಸ್ವಲ್ಪ ಮುಂದಿರಬೇಕು, ನೀಲಿ ಇವೆರಡಕ್ಕಿಂತ ಸಾಕಷ್ಟು ಕಡಿಮೆ. ಕೆಂಪು ಮುಂದೆ ಹೋದರೆ ಅಜ್ಜಿಗೆ ಜ್ವರ ಬಂದ ಹಾಗೆ ಕಾಣುತ್ತದೆ. ಕರಿ ಗೆರೆಯಲ್ಲಿ ಮಾತ್ರ ಇರಲಿ, ಕೆನ್ನೆಯಲ್ಲಿ ಆದಷ್ಟು ಬೇಡ.

ಹೊಸದು ಬರೆದಾಗ ಸ್ಕ್ಯಾನ್ ಮಾಡಿಯೇ ಕಳಿಸು. ಹಾಸ್ಟೆಲಿನ ಟ್ಯೂಬ್‌ಲೈಟಿನಲ್ಲಿ ಫೋಟೋ ತೆಗೆದರೆ ಯಾವುದು ನಿನ್ನ ಬಣ್ಣ, ಯಾವುದು ಟ್ಯೂಬ್‌ಲೈಟಿನದ್ದು ಅಂತ ನನಗೆ ಗೊತ್ತಾಗೋದಿಲ್ಲ.

ನಿನ್ನ,
ಅಪ್ಪ