ಊಹಿಸುವುದೂ ಓದುವುದೇ

ಮಾನ್ಯ ಸಂಪಾದಕರೇ,

ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆಗಳ ಅಭಿಮಾನಿಗಳು ಮುಂದೇನಾಗಬಹುದೆಂದು ದಿನಗಟ್ಟಲೆ ಚರ್ಚಿಸುವುದನ್ನು ಕಾಲಹರಣವೆಂದು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ರಿಚ್ ಬರ್ಲ್ಯೂ 2003ರಲ್ಲಿ ಆರಂಭಿಸಿದ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ, ಆರು ಸಾಹಸಿ ಸಂಗಾತಿಗಳ ಮಂತ್ರಮಾಯೆಯ ಕಥೆಯನ್ನೇ ನೋಡಿ. ಅಜ್ಯೂರ್ ನಗರ ಶತ್ರುಗಳ ವಶವಾದಾಗ ತಂಡದ ನಾಯಕ ರಾಯ್ ಸತ್ತು, ಸಂಗಾತಿಗಳಾದ ಹೇಲಿ ಮತ್ತು ಬೆಲ್ಕಾರ್ ಅವನ ಶವದೊಂದಿಗೆ ನಗರದಲ್ಲೇ ಸಿಕ್ಕಿಕೊಂಡು, ಉಳಿದ ಮೂವರು ಹಡಗು ಹತ್ತಿ ಪಾರಾದರು. ಈ ಸಂಗಾತಿಗಳು ಮತ್ತೆ ಒಂದುಗೂಡುವ ಬಗೆಯನ್ನು ಊಹಿಸಬೇಕಾದರೆ ಮಂತ್ರಶಕ್ತಿಯ ಮಿತಿಯನ್ನೂ ಪ್ರತಿಯೊಬ್ಬರ ಸ್ವಭಾವವನ್ನೂ ತೂಗಿ ನೋಡಲೇಬೇಕಿತ್ತು. ಮುಂದೆ ಗಿರಾರ್ಡ್ ಎಂಬ ಮಾಯಾವಿಯ ಪಿರಮಿಡ್ಡಿನಲ್ಲಿ ಎಲ್ಲವೂ ಸುಖಾಂತವಾದಂತೆ ಕಂಡ ದೃಶ್ಯಗಳು ಬರೀ ಮಾಯೆಯಾಗಿದ್ದವು. ಸಂಗಾತಿಗಳಲ್ಲೊಬ್ಬನಾದ ಏಲನ್‌ನ, ಪರಸ್ಪರ ಬೇರೆಯಾಗಿದ್ದ ತಂದೆತಾಯಿ ಆ ಮಾಯೆಯಲ್ಲಿ ಮತ್ತೆ ಒಂದಾಗಿದ್ದರು. ಅವರ ಸ್ವಭಾವ ಬಲ್ಲ ಓದುಗನಿಗೆ ಅಷ್ಟೇ ಸಾಕಾದ ಸುಳಿವು. ಆದರೆ ಅದಾದ ಮೇಲೆ ಬರುವ ಪ್ರತಿಯೊಂದು ಸಂತಸದ ಘಟನೆಯನ್ನೂ ಮಾಯೆಯೆಂದು ಶಂಕಿಸುವುದನ್ನು ನಾನು ಒಪ್ಪಲಾರೆ. ಚಿತ್ರದಲ್ಲಿ ಆಧಾರವಿಲ್ಲದ ಊಹೆ ಕಥೆಗಾರನಿಗೆ ಮಾಡುವ ಅನ್ಯಾಯ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಇಷ್ಟೇ ತನ್ಮಯತೆಯಿಂದ ಚರ್ಚಿಸಿದ ಕನ್ನಡ ಓದುಗರಿಗೆ ಇದು ಹೊಸದಲ್ಲ. ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಇಂತಹ ಚಿತ್ರಕಥೆಗಳ ವಿಮರ್ಶೆಗೂ ಸ್ಥಳ ನೀಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು